ಪರದೆಯಿಲ್ಲದ ಪುಟ್ಟ ಸರ್ವರ್: ರಾಸ್ಪ್‌ಬೆರಿ ಪೈಯನ್ನು ಮೊದಲ ಬಾರಿಗೆ ಸಜ್ಜುಗೊಳಿಸಿದ ನನ್ನ ಅನುಭವ

ಮನೆಯವರ ಫೋಟೋಗಳು, ಸ್ಕ್ಯಾನ್ ಮಾಡಿಟ್ಟ ದಾಖಲೆಗಳು, ಹಳೆಯ ಧ್ವನಿಮುದ್ರಣಗಳು ಮೂರು ನಾಲ್ಕು ಸಾಧನಗಳಲ್ಲಿ ಚೆದುರಿಹೋಗಿದ್ದವು. ಅವೆಲ್ಲವನ್ನೂ ಒಂದೆಡೆ ಸೇರಿಸಿ, ಹಗಲಿರುಳು ಚಾಲೂ ಇರುವಂಥ ಪುಟ್ಟ ಫೈಲ್ ಸರ್ವರ್ ಒಂದನ್ನು ನಾನೇ ಕಟ್ಟಿಕೊಳ್ಳಬೇಕೆಂದು ಮೊದಲ ಬಾರಿಗೆ ಸಿಂಗಲ್ ಬೋರ್ಡ್ ಕಂಪ್ಯೂಟರ್ (ಇಡೀ ಕಂಪ್ಯೂಟರೇ ಒಂದು ಬೋರ್ಡಿನ ಮೇಲಿರುವಂಥದ್ದು) ಒಂದನ್ನು ಕೈಗೆತ್ತಿಕೊಂಡೆ. ಆರಿಸಿಕೊಂಡದ್ದು 2019ರಲ್ಲಿ ಬಿಡುಗಡೆಯಾದ ರಾಸ್ಪ್‌ಬೆರಿ ಪೈ 4, ಅದರಲ್ಲೂ 4 ಜಿಬಿ ರ‍್ಯಾಮ್ ಇರುವ ಮಾದರಿ. ಅದಕ್ಕಿಂತ ಹಿಂದಿನ ಪೈಗಳಲ್ಲಿ ನೆಟ್‌ವರ್ಕ್ ಕೇಬಲ್ಲಿನ ದತ್ತಾಂಶವೂ ಹಾರ್ಡ್ ಡಿಸ್ಕಿನ ದತ್ತಾಂಶವೂ ಒಂದೇ ಯುಎಸ್‌ಬಿ 2 ದಾರಿಯಲ್ಲಿ ಓಡಾಡಬೇಕಾಗಿತ್ತು. ನಾಲ್ಕನೆಯದರಲ್ಲಿ ಗಿಗಾಬಿಟ್ ಈಥರ್ನೆಟ್ಟಿಗೆ ತನ್ನದೇ ದಾರಿಯಿದೆ, ಜೊತೆಗೆ ಎರಡು ಯುಎಸ್‌ಬಿ 3 ಪೋರ್ಟುಗಳಿವೆ. ಫೈಲ್ ಸರ್ವರಿನ ಮಟ್ಟಿಗೆ ಪ್ರೊಸೆಸರಿನ ವೇಗಕ್ಕಿಂತ ಈ ಬದಲಾವಣೆಯೇ ಮುಖ್ಯವಾದದ್ದು.

ಪೆಟ್ಟಿಗೆ ತೆರೆದಾಗ ಕೈಗೆ ಬಂದದ್ದು 85 ಮಿಲಿಮೀಟರ್ ಉದ್ದ, 56 ಮಿಲಿಮೀಟರ್ ಅಗಲದ ಬರಿಯ ಬೋರ್ಡು. ಅದರಲ್ಲಿ ಆನ್ ಮಾಡುವ ಗುಂಡಿಯಿಲ್ಲ, ಆಪರೇಟಿಂಗ್ ಸಿಸ್ಟಮ್ ಇಡುವ ಜಾಗವಿಲ್ಲ, ವಿದ್ಯುತ್ ಹೋದಾಗ ಸಮಯವನ್ನು ನೆನಪಿಟ್ಟುಕೊಳ್ಳುವ ಬ್ಯಾಟರಿ ಗಡಿಯಾರವೂ ಇಲ್ಲ. ಆಪರೇಟಿಂಗ್ ಸಿಸ್ಟಮನ್ನು ನಾವೇ ಮೈಕ್ರೋ ಎಸ್‌ಡಿ ಕಾರ್ಡಿಗೆ ಬರೆದುಕೊಡಬೇಕು. ಸಮಯವನ್ನು ಅದು ಪ್ರತಿ ಸಲವೂ ಇಂಟರ್ನೆಟ್ಟಿನಿಂದ ಕೇಳಿ ತಿಳಿದುಕೊಳ್ಳುತ್ತದೆ.

ಪರದೆ ಮತ್ತು ಕೀಲಿಮಣೆಗಳನ್ನು ಜೋಡಿಸದೆ, ನನ್ನ ಲ್ಯಾಪ್‌ಟಾಪಿನಿಂದಲೇ ಎಲ್ಲವನ್ನೂ ನಡೆಸಬೇಕೆಂದು ಮೊದಲೇ ನಿರ್ಧರಿಸಿದ್ದೆ. ಹಾಗೆ ಮಾಡುವವರು ಕಾರ್ಡನ್ನು ಬರೆಯುವ ಹಂತದಲ್ಲಿಯೇ ಬಹುಪಾಲು ಕೆಲಸವನ್ನು ಮುಗಿಸಿಕೊಳ್ಳಬೇಕಾಗುತ್ತದೆ. ರಾಸ್ಪ್‌ಬೆರಿ ಪೈ ಇಮೇಜರ್ ಎಂಬ ತಂತ್ರಾಂಶದಲ್ಲಿ ಬೋರ್ಡಿನ ಹೆಸರು, ಬಳಕೆದಾರರ ಹೆಸರು, ಪಾಸ್‌ವರ್ಡ್, ವೈಫೈ ವಿವರ ಮತ್ತು ಎಸ್‌ಎಸ್‌ಎಚ್ (ನೆಟ್‌ವರ್ಕ್ ಮೂಲಕ ಬೇರೆ ಕಂಪ್ಯೂಟರಿನಿಂದ ಒಳಹೊಕ್ಕು ಕಮಾಂಡ್ ಕೊಡುವ ವ್ಯವಸ್ಥೆ) ಆಯ್ಕೆಯನ್ನು ತುಂಬುವ ಒಂದು ಪುಟವಿದೆ. ಇದನ್ನು ದಾಟಿ ಮುಂದೆ ಹೋದರೆ ಬೋರ್ಡು ಚಾಲೂ ಆದರೂ ಒಳಹೋಗುವ ಬಾಗಿಲು ಇರುವುದಿಲ್ಲ. ಎಸ್‌ಎಸ್‌ಎಚ್ 2016ರಿಂದ ತಾನಾಗಿ ತೆರೆದಿರುವುದಿಲ್ಲ. ಎಲ್ಲರಿಗೂ ತಿಳಿದಿದ್ದ 'ಪೈ' ಎಂಬ ಬಳಕೆದಾರ ಹೆಸರು ಮತ್ತು 'ರಾಸ್ಪ್‌ಬೆರಿ' ಎಂಬ ಪಾಸ್‌ವರ್ಡನ್ನು 2022ರ ಏಪ್ರಿಲಿನಲ್ಲಿ ತೆಗೆದುಹಾಕಿದ್ದಾರೆ. ವೈಫೈ ಬಳಸುವವರು ದೇಶದ ಆಯ್ಕೆಯನ್ನೂ ಮರೆಯಬಾರದು, ಅದನ್ನು ಹೇಳದ ಹೊರತು ವೈಫೈ ಕೆಲಸ ಆರಂಭಿಸುವುದೇ ಇಲ್ಲ. ನಾನು ಕೇಬಲ್ ಬಳಸಿದ್ದರಿಂದ ಆ ತಾಪತ್ರಯ ಬರಲಿಲ್ಲ.

ಬರೆದು ಮುಗಿದ ಕಾರ್ಡನ್ನು ಪರೀಕ್ಷಿಸಲೆಂದು ಮತ್ತೆ ಲ್ಯಾಪ್‌ಟಾಪಿಗೆ ಹಾಕಿದಾಗ, ಅದರ ಒಂದು ಭಾಗವನ್ನು ಓದಲಾಗುತ್ತಿಲ್ಲ, ಫಾರ್ಮ್ಯಾಟ್ ಮಾಡಬೇಕೆ ಎಂದು ವಿಂಡೋಸ್ ಕೇಳಿತು. ಒಂದು ಕ್ಷಣ ಕಾರ್ಡೇ ಕೆಟ್ಟಿದೆಯೆಂದು ಗಾಬರಿಯಾಯಿತು. ಕಾರ್ಡಿನಲ್ಲಿ ಎರಡು ಭಾಗಗಳಿರುತ್ತವೆ: ಬೂಟ್ ಫೈಲುಗಳಿರುವ, ಅಂದರೆ ಬೋರ್ಡು ಚಾಲೂ ಆಗಲು ಬೇಕಾದ ಫೈಲುಗಳಿರುವ ಚಿಕ್ಕ ಭಾಗ ವಿಂಡೋಸಿಗೂ ಅರ್ಥವಾಗುತ್ತದೆ, ಪೈಯ ಆಪರೇಟಿಂಗ್ ಸಿಸ್ಟಮ್ ಆದ ಲಿನಕ್ಸ್ ಇರುವ ದೊಡ್ಡ ಭಾಗ ಅದಕ್ಕೆ ತಿಳಿಯುವುದಿಲ್ಲ. ಬೇಡ ಎಂದು ಹೇಳಿ ಕಾರ್ಡನ್ನು ಹೊರತೆಗೆದರೆ ಸಾಕು. ಹೌದು ಎಂದರೆ ಮಾಡಿದ ಕೆಲಸವೆಲ್ಲ ಅಳಿಸಿಹೋಗುತ್ತದೆ.

ಮೊದಲ ಸಲ ವಿದ್ಯುತ್ ಕೊಟ್ಟಾಗ ಕೆಂಪು ದೀಪ ಸ್ಥಿರವಾಗಿ ಹೊತ್ತಿಕೊಂಡಿತು, ಹಸಿರು ದೀಪ ಲಯವಿಲ್ಲದೆ ಮಿನುಗತೊಡಗಿತು. ಹಸಿರು ದೀಪದ ಈ ಅಡ್ಡಾದಿಡ್ಡಿ ಮಿನುಗು ಶುಭ ಸೂಚನೆ, ಏಕೆಂದರೆ ಬೋರ್ಡು ಕಾರ್ಡನ್ನು ಓದುತ್ತಿದೆ ಎಂಬುದೇ ಅದರ ಅರ್ಥ. ಲೆಕ್ಕವಿಟ್ಟಂತೆ ನಾಲ್ಕು ಸಲ ಮಿನುಗಿ ನಿಂತು, ಮತ್ತೆ ನಾಲ್ಕು ಸಲ ಮಿನುಗಿದರೆ ಬೂಟ್ ಫೈಲ್ ಸಿಗಲಿಲ್ಲವೆಂದು ಅದು ಹೇಳುತ್ತಿರುತ್ತದೆ. ಮೊದಲ ಬೂಟಿನಲ್ಲಿ ಸಿಸ್ಟಮ್ ಕಾರ್ಡಿನ ಪೂರ್ತಿ ಜಾಗಕ್ಕೆ ಹರಡಿಕೊಂಡು ತಾನೇ ಮರುಚಾಲನೆಗೊಳ್ಳುವುದರಿಂದ ಕೆಲವು ನಿಮಿಷ ತಾಳ್ಮೆಯಿಂದ ಕಾಯಬೇಕು. ಆಮೇಲೆ ಲ್ಯಾಪ್‌ಟಾಪಿನ ಟರ್ಮಿನಲ್ಲಿನಿಂದ ಬೋರ್ಡಿನ ಹೆಸರು ಹೇಳಿ ಒಳಹೊಕ್ಕೆ, ಸಿಸ್ಟಮನ್ನು ಅಪ್‌ಡೇಟ್ ಮಾಡಿದೆ, ಫೈಲುಗಳನ್ನು ನೆಟ್‌ವರ್ಕಿನಲ್ಲಿ ಹಂಚುವ ಸಾಂಬಾ ಎಂಬ ತಂತ್ರಾಂಶವನ್ನು ಸ್ಥಾಪಿಸಿದೆ. ಇದಿಷ್ಟೂ ಒಂದು ಸಂಜೆಯಲ್ಲಿ ಮುಗಿಯಿತು.

ನಿಜವಾದ ಪಾಠ ಶುರುವಾದದ್ದು ಹಾರ್ಡ್ ಡಿಸ್ಕನ್ನು ಜೋಡಿಸಿದ ಮೇಲೆ. ಸಣ್ಣ ಫೈಲುಗಳು ಸಲೀಸಾಗಿ ಹೋಗುತ್ತಿದ್ದವು. ದೊಡ್ಡ ಫೋಲ್ಡರೊಂದನ್ನು ನಕಲಿಸಲು ಹೊರಟರೆ ಸ್ವಲ್ಪ ಹೊತ್ತಿನಲ್ಲೇ ಡಿಸ್ಕಿನೊಳಗಿಂದ ಟಿಕ್ ಎಂಬ ಸದ್ದು ಬಂದು, ಅದು ಪಟ್ಟಿಯಿಂದಲೇ ಮಾಯವಾಗುತ್ತಿತ್ತು. ನಾನು ಸಾಂಬಾದ ಸಂಯೋಜನೆಯನ್ನು ತಿದ್ದಿದೆ, ಡಿಸ್ಕನ್ನು ಮತ್ತೆ ಫಾರ್ಮ್ಯಾಟ್ ಮಾಡಿದೆ, ಕಾರ್ಡನ್ನು ಎರಡು ಸಲ ಹೊಸದಾಗಿ ಬರೆದೆ. ಬೋರ್ಡು ನಿಲ್ಲದೆ ಓಡುತ್ತಿದ್ದುದರಿಂದ ವಿದ್ಯುತ್ತಿನ ಕಡೆಗೆ ನನ್ನ ಗಮನವೇ ಹೋಗಲಿಲ್ಲ. ನಾಲ್ಕನೆಯ ದಿನ, ಡಿಸ್ಕು ಮಾಯವಾದ ಕೂಡಲೇ ಕರ್ನೆಲ್ಲಿನ (ಆಪರೇಟಿಂಗ್ ಸಿಸ್ಟಮಿನ ತಿರುಳಿನ) ಸಂದೇಶಗಳನ್ನು ತೆಗೆದು ನೋಡಿದಾಗ 'ಅಂಡರ್‌ವೋಲ್ಟೇಜ್ ಡಿಟೆಕ್ಟೆಡ್', ಅಂದರೆ ವೋಲ್ಟೇಜ್ ಸಾಲುತ್ತಿಲ್ಲ ಎಂಬ ಸಾಲು ಒಂದರ ಕೆಳಗೊಂದು ನಿಂತಿತ್ತು. ಪರದೆ ಜೋಡಿಸಿದ್ದರೆ ಇದೇ ಎಚ್ಚರಿಕೆ ಮೂಲೆಯಲ್ಲಿ ಹಳದಿ ಮಿಂಚಿನ ಗುರುತಾಗಿ ಮೊದಲ ದಿನವೇ ಕಾಣುತ್ತಿತ್ತು.

ಪೈಯಲ್ಲಿರುವ ವಿಸಿಜೆನ್‌ಕಮಾಂಡ್ ಎಂಬ ಸಾಧನಕ್ಕೆ 'ಗೆಟ್ ಥ್ರಾಟಲ್ಡ್' ಎಂದು ಕೇಳಿದರೆ ಅದು ಒಂದು ಸಂಖ್ಯೆಯನ್ನು ಕೊಡುತ್ತದೆ. ಎಲ್ಲವೂ ಸರಿಯಿದ್ದರೆ ಸೊನ್ನೆ. ನಕಲು ನಡೆಯುತ್ತಿರುವಾಗ ಕೇಳಿದ ನನಗೆ ಸಿಕ್ಕಿದ್ದು 50005. ಅದರ ಕೊನೆಯ 5 ಈ ಕ್ಷಣದ ಸ್ಥಿತಿ: 1 ಎಂದರೆ ವೋಲ್ಟೇಜ್ ಕುಸಿದಿದೆ, 4 ಎಂದರೆ ಅದಕ್ಕಾಗಿ ಪ್ರೊಸೆಸರಿನ ವೇಗವನ್ನು ತಗ್ಗಿಸಲಾಗಿದೆ, ಎರಡೂ ಕೂಡಿ 5. ಮೊದಲಿನ 5 ಅದೇ ಎರಡು ಸಂಗತಿಗಳು ಬೂಟ್ ಆದಂದಿನಿಂದ ಒಮ್ಮೆಯಾದರೂ ನಡೆದಿವೆ ಎಂಬುದರ ದಾಖಲೆ.

ಕಾರಣ ತಿಳಿಯಲು ಸಣ್ಣದೊಂದು ಲೆಕ್ಕ ಸಾಕಾಯಿತು. ಈ ಬೋರ್ಡಿಗೆ ಹೇಳಿರುವುದು 5.1 ವೋಲ್ಟ್, 3 ಆಂಪಿಯರ್ ಕೊಡುವ ಪವರ್ ಸಪ್ಲೈ. ನಾನು ಬಳಸಿದ್ದು ಫೋನಿನ 5 ವೋಲ್ಟ್ ಚಾರ್ಜರು ಮತ್ತು ತೆಳುವಾದ ಉದ್ದನೆಯ ಕೇಬಲ್. ತಂತಿಯ ರೋಧ 0.2 ಓಮ್ ಇದ್ದು, ಬೋರ್ಡು ಮತ್ತು ಡಿಸ್ಕು ಸೇರಿ 2 ಆಂಪಿಯರ್ ಎಳೆದರೆ 0.4 ವೋಲ್ಟ್ ತಂತಿಯಲ್ಲೇ ಕಳೆದುಹೋಗಿ ಬೋರ್ಡಿಗೆ 4.6 ವೋಲ್ಟ್ ಮಾತ್ರ ಮುಟ್ಟುತ್ತದೆ. ಪೈ ಎಚ್ಚರಿಕೆ ಕೊಡಲು ಆರಂಭಿಸುವ ಮಿತಿ ಸುಮಾರು 4.63 ವೋಲ್ಟ್. ಫೋನು ಇಂಥ ಕೊರತೆಯನ್ನು ನಿಧಾನವಾಗಿ ಚಾರ್ಜ್ ಆಗಿ ಸರಿದೂಗಿಸಿಕೊಳ್ಳುತ್ತದೆ. ಚಾಲೂ ಇರುವ ಕಂಪ್ಯೂಟರಿಗೂ ತಿರುಗುತ್ತಿರುವ ಡಿಸ್ಕಿಗೂ ಆ ಅವಕಾಶವಿಲ್ಲ. ಕೇಬಲ್ ಸೇರಿಕೊಂಡೇ ಬರುವ 5.1 ವೋಲ್ಟಿನ ಸರಿಯಾದ ಸಪ್ಲೈ ತಂದು ಹಾಕಿದ ದಿನ, ಅದೇ ಕಾರ್ಡು, ಅದೇ ಡಿಸ್ಕು, ಅದೇ ಸಂಯೋಜನೆಯಲ್ಲಿ ಇಡೀ ಫೋಲ್ಡರು ಒಂದೇ ಸಲಕ್ಕೆ ನಕಲಾಯಿತು. ಪೈ 4ರ ಯುಎಸ್‌ಬಿ ಪೋರ್ಟುಗಳೆಲ್ಲ ಸೇರಿ ಹೊರಗಿನ ಸಾಧನಗಳಿಗೆ ಕೊಡಬಲ್ಲದ್ದು 1.2 ಆಂಪಿಯರ್ ಮಾತ್ರ. ಆದ್ದರಿಂದ ಎರಡನೆಯ ಡಿಸ್ಕು ಬೇಕೆನಿಸಿದಾಗ, ತನ್ನದೇ ವಿದ್ಯುತ್ ಪಡೆಯುವ ಹಬ್ ಮೂಲಕವೇ ಅದನ್ನು ಜೋಡಿಸಿದೆ.

ಇನ್ನೊಂದು ತಪ್ಪನ್ನೂ ಹೇಳಬೇಕು. ಬೂಟ್ ಆಗುವಾಗಲೇ ಡಿಸ್ಕು ಜೋಡಣೆಯಾಗಲೆಂದು ಜೋಡಿಸಬೇಕಾದ ಡಿಸ್ಕುಗಳ ಪಟ್ಟಿಯಿರುವ ಎಫ್‌ಎಸ್‌ಟ್ಯಾಬ್ ಫೈಲಿನಲ್ಲಿ ಅದರ ಸಾಲನ್ನು ಬರೆದಿದ್ದೆ, ಆದರೆ ಡಿಸ್ಕು ಇಲ್ಲದಿದ್ದರೂ ಬೂಟ್ ಮುಂದುವರಿಯಲಿ ಎಂದು ಹೇಳುವ 'ನೋಫೇಲ್' ಎಂಬ ಪದವನ್ನು ಸೇರಿಸಿರಲಿಲ್ಲ. ಒಂದು ದಿನ ಡಿಸ್ಕನ್ನು ಬಿಚ್ಚಿಟ್ಟು ಬೋರ್ಡನ್ನು ಚಾಲೂ ಮಾಡಿದಾಗ, ಇಲ್ಲದ ಡಿಸ್ಕಿಗಾಗಿ ಕಾದು ಸಿಸ್ಟಮ್ ತುರ್ತು ಸ್ಥಿತಿಗೆ ಹೋಗಿ ನಿಂತಿತು. ಎಸ್‌ಎಸ್‌ಎಚ್ ಶುರುವಾಗುವ ಮೊದಲೇ ನಿಂತದ್ದರಿಂದ ಒಳಹೋಗುವ ದಾರಿಯೇ ಇರಲಿಲ್ಲ. ಡಿಸ್ಕನ್ನು ಮತ್ತೆ ಸಿಕ್ಕಿಸಿ ಮರುಚಾಲನೆ ಮಾಡಿದೆ, ಒಳಹೋದ ಮರುಕ್ಷಣವೇ ಆ ಪದವನ್ನು ಸೇರಿಸಿದೆ. ಪರದೆಯಿಲ್ಲದೆ ಬಳಸುವ ಬೋರ್ಡಿಗೆ ಇದನ್ನು ಐಚ್ಛಿಕವೆಂದು ನಾನು ಎಣಿಸುವುದಿಲ್ಲ.

ಈಗ ಬೋರ್ಡನ್ನು ಬಂದ್ ಮಾಡುವಾಗ ಶಟ್‌ಡೌನ್ ಕಮಾಂಡ್ ಕೊಟ್ಟು, ಕಾರ್ಡಿನ ಮೇಲೆ ಬರವಣಿಗೆ ಅರ್ಧಕ್ಕೆ ನಿಲ್ಲದಿರಲೆಂದು ಹಸಿರು ದೀಪ ಪೂರ್ತಿ ತಣ್ಣಗಾದ ಮೇಲೆಯೇ ವಿದ್ಯುತ್ ತೆಗೆಯುತ್ತೇನೆ. ದೊಡ್ಡ ನಕಲು ನಡೆಯುವಾಗಲೆಲ್ಲ ಆ ಸಂಖ್ಯೆಯನ್ನೊಮ್ಮೆ ಕೇಳಿನೋಡುತ್ತೇನೆ, ಸೊನ್ನೆಯೇ ಬರುತ್ತದೆ. ಹಳೆಯ ಕೇಬಲ್ಲಿಗೆ 'ಫೋನಿಗೆ ಮಾತ್ರ' ಎಂದು ಬರೆದ ಚೀಟಿ ಅಂಟಿಸಿಟ್ಟಿದ್ದೇನೆ.