ಹಿಪ್ ರೀಪ್ಲೇಸ್‌ಮೆಂಟ್ ಆದ ಮೇಲಿನ ನೋವಿಗೆ ಯಾವ ಬ್ಲಾಕ್? ನನ್ನ ಅನುಭವ

ನಾನು ಮಂಗಳೂರಲ್ಲಿ ಅನಸ್ತೇಶಿಯಾ ಕೊಡುವ ಡಾಕ್ಟರ್. ನಮ್ಮಲ್ಲಿ ಹಿಪ್ ಕೇಸ್ ವರ್ಷವಿಡೀ ಉಂಟು, ಮಳೆಗಾಲದಲ್ಲಿ ಪುತ್ತೂರು ಸುಳ್ಯ ಕಡೆಯಿಂದ ಪಾಚಿ ಹಿಡಿದ ಅಂಗಳದಲ್ಲಿ ಜಾರಿ ಬಿದ್ದ ಅಜ್ಜಿಯಂದಿರು ಬರ್ತಾರೆ, ಅದರ ಜೊತೆಗೆ ತೊಡೆ ಮೂಳೆಯ ಗುಂಡಿಗೆ ರಕ್ತ ಹೋಗದೆ ಸವೆದು ಹೋದ ಸಣ್ಣ ಪ್ರಾಯದ ಗಂಡಸರೂ ಇರ್ತಾರೆ. ಆಪರೇಷನ್ ಸ್ಪೈನಲ್‌ನಲ್ಲೇ, ಅಂದ್ರೆ ಬೆನ್ನಿಗೆ ಇಂಜೆಕ್ಷನ್ ಕೊಟ್ಟು ಸೊಂಟದ ಕೆಳಗೆ ಮರಗಟ್ಟಿಸಿ, ಚಂದ ಆಗ್ತದೆ, ಪ್ರಶ್ನೆ ಇರುವುದು ಸ್ಪೈನಲ್ ಬಿಟ್ಟ ಮೇಲೆ ಎಂತ ಮಾಡುವುದು ಅಂತ. ಅದಕ್ಕೇ ಬ್ಲಾಕ್, ಅಂದ್ರೆ ನೋವಿನ ನರದ ಹತ್ತಿರ ಮರಗಟ್ಟಿಸುವ ಮದ್ದು ಬಿಡುವುದು.

ಬ್ಲಾಕ್ ಒಳ್ಳೆಯದಾಯ್ತಾ ಅಂತ ನೋಡ್ಲಿಕ್ಕೆ ಮಲಗಿದಲ್ಲಿ "ಬೇನೆ ಉಂಡಾ ಅಮ್ಮಾ" ಅಂತ ಕೇಳಿದ್ರೆ ಸಾಕಾಗುವುದಿಲ್ಲ. ಫಿಸಿಯೋದವರು ವಾಕರ್ ಕೊಟ್ಟು ಎಬ್ಬಿಸುವಾಗ ಆ ಅಮ್ಮನ ಮುಖ ಹೇಗಿದೆ, ಮೊಣಕಾಲು ನಿಲ್ತದಾ ಇಲ್ವಾ, ನಾನು ಹೋಲಿಸುವುದು ಅದನ್ನು.

ತೊಡೆಯ ಮುಂಭಾಗದ ದೊಡ್ಡ ನರಕ್ಕೆ ಕೊಡುವ ಫೆಮೋರಲ್ ಬ್ಲಾಕ್ ನೋವು ತೆಗೀತದೆ, ಅದರಲ್ಲಿ ಎರಡು ಮಾತಿಲ್ಲ, ಆದ್ರೆ ತೊಡೆಯ ಮುಂದಿನ ಕ್ವಾಡ್ರಿಸೆಪ್ಸ್ ಸ್ನಾಯುವೂ ಅದೇ ನರದ್ದು, ಹಾಗಾಗಿ ನಿಂತ ಕೂಡ್ಲೇ ಮೊಣಕಾಲು ಕುಸೀತದೆ, ಹೊಸ ಕೀಲು ಹಾಕಿಸಿಕೊಂಡವರು ಬಿದ್ರೆ ಕಥೆ ಎಂತ ಹೇಳಿ. ಬೆನ್ನಿನ ಕಡೆಯಿಂದ ಕಾಲಿನ ನರಗಳ ಗುಂಪಿಗೇ ಕೊಡುವ ಲಂಬಾರ್ ಪ್ಲೆಕ್ಸಸ್ ಬ್ಲಾಕ್ ಇನ್ನೂ ಗಟ್ಟಿ, ಆದ್ರೆ ತುಂಬಾ ಆಳ, ಮದ್ದು ಬೆನ್ನುಹುರಿಯ ಕವಚದ ಹೊರಗಿನ ಎಪಿಡ್ಯೂರಲ್ ಜಾಗಕ್ಕೆ ಹೋಗಿ ಬಿಪಿ ಇಳೀಬಹುದು, ರಕ್ತ ಹೆಪ್ಪುಗಟ್ಟದಂತೆ ಎನಾಕ್ಸಪರಿನ್ ಕೊಡುವ ಪೇಷೆಂಟ್‌ನಲ್ಲಿ ಆ ಡೋಸಿಗೂ ಸೂಜಿಗೂ ನಡುವೆ ಸ್ಪೈನಲ್‌ನಷ್ಟೇ ಟೈಮ್ ಲೆಕ್ಕ ಹಾಕಬೇಕು. ಇವೆರಡನ್ನೂ ನಾನು ಹಿಪ್‌ಗೆ ಬಿಟ್ಟಿದ್ದೇನೆ. ಆಪರೇಷನ್ ನಂತರದ ನೋವಿಗೆ ಯಾವುದು ಒಳ್ಳೆಯದು ಅಂತ ಹೇಳುವ ಪ್ರಾಸ್ಪೆಕ್ಟ್ ತಜ್ಞರ ಗುಂಪಿನ 2021ರ ಶಿಫಾರಸಿನಲ್ಲೂ ಇವಕ್ಕೆ ಜಾಗ ಇಲ್ಲ, ಒಂದೇ ಡೋಸಿನ ಫೇಸಿಯಾ ಇಲಿಯಾಕಾ ಬ್ಲಾಕ್ (ತೊಡೆಸಂದಿಯ ಸ್ನಾಯುವಿನ ಪೊರೆಯ ಕೆಳಗೆ ಮದ್ದು ಹರಡುವುದು) ಅಥವಾ ಸರ್ಜನ್ ಗಾಯದ ಒಳಗೇ ಮದ್ದು ಚುಚ್ಚುವ ಲೋಕಲ್ ಇನ್ಫಿಲ್ಟ್ರೇಷನ್‌ಗೆ ಉಂಟು.

ಫೇಸಿಯಾ ಇಲಿಯಾಕಾವನ್ನು ನಾನು ತೊಡೆಸಂದಿಯ ಇಂಗ್ವೈನಲ್ ಲಿಗಮೆಂಟ್‌ನ ಮೇಲಿನಿಂದಲೇ ಮಾಡುವುದು, ಮದ್ದು ಹೊಟ್ಟೆಯ ಕಡೆಗೆ ಮೇಲೆ ಹರೀತದೆ, ಫೆಮೋರಲ್ ಜೊತೆಗೆ ತೊಡೆಯ ಹೊರಬದಿಯ ಚರ್ಮದ ನರವೂ ಸಿಗ್ತದೆ. ಗಾಯ ಇರುವುದೇ ಆ ಬದಿಯಲ್ಲಿ ನೋಡಿ, ಹಾಗಾಗಿ ಪೇಷೆಂಟ್‌ಗೆ ಆರಾಮ. ಆದ್ರೆ 30-40 ಎಂಎಲ್ ಬೇಕಾಗ್ತದೆ, ಕಾಲಿನ ಬಲವೂ ಸ್ವಲ್ಪ ಹೋಗ್ತದೆ.

ಈಗ ನನ್ನ ಕೈ ಮೊದಲು ಹೋಗುವುದು ಪೆಂಗ್ (PENG) ಬ್ಲಾಕ್‌ಗೆ, ಅಂದ್ರೆ ಹಿಪ್ ಕೀಲಿನ ಕವಚದ ಸುತ್ತಲಿನ ನರಗಳ ಗುಂಪಿಗೆ ಕೊಡುವ ಬ್ಲಾಕ್‌ಗೆ. 2018ರಲ್ಲಿ ಟೊರಾಂಟೊದ ಡಾಕ್ಟ್ರುಗಳು ಸೊಂಟ ಮುರಿದ ಐದು ಪೇಷೆಂಟ್‌ಗಳಲ್ಲಿ ಮಾಡಿದ್ದನ್ನು ಬರೆದ ಮೇಲೆ ಇದು ಎಲ್ಲ ಕಡೆ ಹರಡಿತು. ಕೀಲಿನ ಕವಚದ ಮುಂಭಾಗದಲ್ಲೇ ನೋವಿನ ನರ ಜಾಸ್ತಿ, ಅಲ್ಲಿಗೆ ಹೋಗುವ ಸಣ್ಣ ಸಣ್ಣ ಕವಲುಗಳನ್ನು ಮಾತ್ರ ಹಿಡಿಯುವುದು, ದೊಡ್ಡ ನರವನ್ನು ಮುಟ್ಟುವುದಿಲ್ಲ. ಪೇಷೆಂಟ್ ಅಂಗಾತ ಮಲಗಿದ್ರೆ ಸಾಕು. ಅಲ್ಟ್ರಾಸೌಂಡ್‌ನ ಕರ್ವ್ಡ್ ಪ್ರೋಬ್ ಇಟ್ರೆ ಮೂಳೆಯ ಬಿಳಿ ಗೆರೆ, ಅದರ ಮೇಲೆ ಸೋವಾಸ್ ಸ್ನಾಯುವಿನ ಟೆಂಡನ್ ಬೆಳ್ಳಗೆ ಹೊಳೀತಾ ಕಾಣ್ತದೆ, ಸೂಜಿಯನ್ನು ಹೊರಬದಿಯಿಂದ ತಂದು ಟೆಂಡನ್ ಮತ್ತು ಮೂಳೆಯ ನಡುವೆ ಇಟ್ಟು ನಿಧಾನ ಮದ್ದು ಬಿಟ್ರೆ ಟೆಂಡನ್ ಮೂಳೆಯಿಂದ ಮೇಲೆ ಏಳ್ತದೆ. ಅದು ಏಳುವುದನ್ನು ಸ್ಕ್ರೀನ್‌ನಲ್ಲಿ ನೋಡದೆ ನಾನು ಉಳಿದ ಮದ್ದು ಕೊಡುವುದಿಲ್ಲ. 20 ಎಂಎಲ್‌ಗಿಂತ ಮೇಲೆ ಹೋಗುವುದಿಲ್ಲ, ಜಾಸ್ತಿ ಕೊಟ್ರೆ ಅಥವಾ ಸೂಜಿ ಮೇಲೆಯೇ ಉಳಿದ್ರೆ ಮದ್ದು ಫೆಮೋರಲ್ ಕಡೆಗೆ ಹೋಗಿ ಕಾಲು ಸೋಲ್ತದೆ, ಮತ್ತೆ ಪೆಂಗ್ ಮಾಡಿ ಪ್ರಯೋಜನ ಎಂತ.

ಪೆಂಗ್‌ನಿಂದ ಚರ್ಮದ ಗಾಯದ ನೋವು ಹೋಗುವುದಿಲ್ಲ, ಅದಕ್ಕೆ ತೊಡೆಯ ಹೊರಬದಿಯ ನರಕ್ಕೆ ಬೇರೆ ಸ್ವಲ್ಪ ಮದ್ದು ಕೊಡ್ತೇನೆ. ಕೀಲಿನ ಹಿಂಭಾಗದ್ದು ಸಯಾಟಿಕ್ ಕಡೆಯ ನರಗಳು, ಅದೂ ಇದರಲ್ಲಿ ಬರುವುದಿಲ್ಲ, ಸರ್ಜನ್ ಹಿಂದಿನಿಂದ ಓಪನ್ ಮಾಡುವವರಾದ್ರೆ ಅಲ್ಲಿ ಇನ್ಫಿಲ್ಟ್ರೇಷನ್ ಕೊಡಿ ಅಂತ ಮೊದಲೇ ಕೇಳಿಕೊಳ್ತೇನೆ. ನಡೆಸುವ ಆತುರ ಇಲ್ಲದ, ಮೊದಲಿಂದಲೇ ವೀಲ್‌ಚೇರ್‌ನಲ್ಲಿರುವ ಅಜ್ಜಿಯಾದ್ರೆ ಫೇಸಿಯಾ ಇಲಿಯಾಕಾವೇ ಒಳ್ಳೆಯದು ಅಂತ ನನಗೆ ಕಾಣ್ತದೆ.

ಡೋಸಿನ ವಿಷಯದಲ್ಲಿ ಮಾತ್ರ ದಯವಿಟ್ಟು ಯಾರೂ ಅಂದಾಜಿನಲ್ಲಿ ಹೋಗಬೇಡಿ. ಮರಗಟ್ಟಿಸುವ ಮದ್ದು ರೋಪಿವಕೇನ್ ಜಾಸ್ತಿ ಅಂದ್ರೆ ಕೆಜಿಗೆ 3 ಎಂಜಿ, 40 ಕೆಜಿಯ ಅಜ್ಜಿಗೆ ಒಟ್ಟು 120 ಎಂಜಿ ಅಷ್ಟೇ. ಅದರಲ್ಲಿ ನನ್ನ ಬ್ಲಾಕೂ ಬರಬೇಕು, ಸರ್ಜನ್ ಕೊಡುವುದೂ ಬರಬೇಕು, ಹಾಗಾಗಿ ನಾವಿಬ್ರೂ ಸಿರಿಂಜ್ ತುಂಬುವ ಮೊದಲೇ ಬೋರ್ಡ್‌ನಲ್ಲಿ ಎಂಜಿ ಬರೆದು ಕೂಡಿಸ್ತೇವೆ. ಈ ಮದ್ದು ರಕ್ತಕ್ಕೆ ಜಾಸ್ತಿ ಹೋಗಿ ವಿಷವಾದ್ರೆ ಕೊಡುವ 20 ಪರ್ಸೆಂಟ್ ಲಿಪಿಡ್ ಥಿಯೇಟರ್ ಒಳಗೇ ಇರಬೇಕು, ಫಾರ್ಮಸಿಯಲ್ಲಿ ಉಂಟು ಅಂದ್ರೆ ಆಗುವುದಿಲ್ಲ.

ಇನ್ನು ರಾತ್ರಿಯದ್ದು. ಬೆಳಿಗ್ಗೆ ಮಾಡಿದ ಬ್ಲಾಕ್ ಸುಮಾರಾಗಿ ನಡುರಾತ್ರಿ ಹೊತ್ತಿಗೆ ಬಿಡ್ಲಿಕ್ಕೆ ಶುರುವಾಗ್ತದೆ, ಆಗ ವಾರ್ಡಲ್ಲಿ ಜನ ಕಡಿಮೆ, ನೋವು ಒಮ್ಮೆಲೇ ಎದ್ರೆ ಹಿಡಿಯುವುದು ಕಷ್ಟ. ಅದಕ್ಕೆ ಬ್ಲಾಕ್ ಕೊಟ್ಟ ಟೈಮನ್ನು ಕೇಸ್ ಶೀಟ್‌ನ ಮೊದಲ ಪುಟದಲ್ಲೇ ದೊಡ್ಡದಾಗಿ ಬರೀತೇನೆ, ಪ್ಯಾರಾಸಿಟಮಾಲ್ ಕೇಳಿದಾಗ ಅಲ್ಲ, ಟೈಮ್‌ಗೆ ಸರಿಯಾಗಿ ಹೋಗಬೇಕು ಅಂತ ನೈಟ್ ಸಿಸ್ಟರ್‌ಗೆ ನಾನೇ ಹೋಗಿ ಹೇಳ್ತೇನೆ. ಕಿಡ್ನಿ ಸರಿ ಇದ್ರೆ ಎಟೋರಿಕಾಕ್ಸಿಬ್ ಅನ್ನುವ ನೋವಿನ ಮಾತ್ರೆ ಸೇರಿಸ್ತೇವೆ. ಮರುದಿನ ಬೆಳಿಗ್ಗೆ ಎಬ್ಬಿಸುವ ಮೊದಲು ಫಿಸಿಯೋದವರು ಮಂಚದಲ್ಲೇ ಮೊಣಕಾಲು ನೀಟ ಮಾಡಿಸಿ ನೋಡ್ತಾರೆ, ಅದು ಆಗದಿದ್ರೆ ವಾಕರ್ ಕೊಡುವುದಿಲ್ಲ, ಎರಡು ಗಂಟೆ ಬಿಟ್ಟು ಮತ್ತೆ ನೋಡುವುದು.