ಬೇಲಿಗೆ ಸೆನ್ಸರ್ ಕಟ್ಟುವ ಮುಂಚೆ ಕಂಬ ಅಲ್ಲಾಡಿಸಿ ನೋಡಿ

ಗದಗ, ಕೊಪ್ಪಳದ ಕಡೆ ಎರೆಹೊಲಗಳ ನಡುವೆ ಸೋಲಾರ್ ಪ್ಲಾಂಟ್‌ಗಳು ಎದ್ದಿವೆ. ಬೇಲಿ ಕಿಲೋಮೀಟರ್‌ಗಟ್ಟಲೆ ಉದ್ದ, ರಾತ್ರಿ ಕಾಯುವ ಗಾರ್ಡ್‌ಗಳು ಕೆಲವೇ ಜನ. ಒಳಗೆ ತಾಮ್ರದ ಕೇಬಲ್ ಇರುತ್ತದೆ, ಕಳ್ಳರಿಗೆ ಬೇಕಾದದ್ದು ಅದೇ. ಇಂಥ ಕಡೆ ಬೇಲಿಯ ಜಾಲರಿಗೇ ಸೆನ್ಸರ್ ಕಟ್ಟಿದರೆ, ಯಾರಾದರೂ ತಂತಿ ಕತ್ತರಿಸಿದಾಗ ಅಥವಾ ಹತ್ತಿದಾಗ ಕೂಡಲೇ ಗೊತ್ತಾಗುತ್ತದೆ. ಗೋಡೌನ್, ಜಿನ್ನಿಂಗ್ ಮಿಲ್, ಪಂಪ್‌ಹೌಸ್‌ಗಳಿಗೂ ಇದೇ ಕ್ರಮ ನಡೆಯುತ್ತದೆ.

ಇದು ಹೊಲಕ್ಕೆ ಹಾಕುವ ಕರೆಂಟ್ ಬೇಲಿ ಅಲ್ಲ. ಮುಟ್ಟಿದರೆ ಶಾಕ್ ಹೊಡೆಯುವುದಿಲ್ಲ. ಜಾಲರಿಗೆ ಕಟ್ಟಿದ ಕೇಬಲ್ ಅದರ ಅದುರುವಿಕೆಯನ್ನು ಹಿಡಿದು ಪ್ರೊಸೆಸರ್‌ಗೆ, ಅಂದರೆ ಆ ಅದುರನ್ನು ಪರಿಶೀಲಿಸಿ ಅಲಾರಂ ಕೊಡುವ ಪೆಟ್ಟಿಗೆಗೆ, ಕಳಿಸುತ್ತದೆ, ಅಷ್ಟೇ. ಕಳ್ಳನನ್ನು ತಡೆಯುವುದಿಲ್ಲ, ನಮಗೆ ಒಂದೆರಡು ನಿಮಿಷ ಮೊದಲೇ ಸುದ್ದಿ ಕೊಡುತ್ತದೆ. ಎದ್ದು ಹೋಗಿ ನೋಡುವ ಮನುಷ್ಯ ಇಲ್ಲದಿದ್ದರೆ ಹಾಕಿದ ದುಡ್ಡು ದಂಡ.

ಮೊದಲ ಕೆಲಸ ಬೇಲಿಯದು

ಬೇಲಿ ಸರಿಯಿಲ್ಲದಿದ್ದರೆ ಎಷ್ಟೇ ದುಬಾರಿ ಸೆನ್ಸರ್ ಹಾಕಿದರೂ ಉಪಯೋಗವಿಲ್ಲ. ಒಂದೊಂದೇ ಕಂಬ ಹಿಡಿದು ಅಲ್ಲಾಡಿಸಿ ನೋಡಿ. ಎರೆಮಣ್ಣು ಮಳೆಗೆ ಉಬ್ಬುತ್ತದೆ, ಬೇಸಿಗೆಯಲ್ಲಿ ಕುಗ್ಗಿ ಬಿರುಕು ಬಿಡುತ್ತದೆ. ಎರಡು ವರ್ಷ ಹೀಗೇ ನಡೆದರೆ ಕಂಬ ವಾಲುತ್ತದೆ, ಜಾಲರಿ ಸಡಿಲವಾಗುತ್ತದೆ. ಸಡಿಲ ಜಾಲರಿ ಗಾಳಿಗೆ ಬಡಿದುಕೊಳ್ಳುತ್ತದೆ, ಆದರೆ ಕತ್ತರಿಸುವಾಗಿನ ಅದುರು ಕೇಬಲ್‌ವರೆಗೆ ಸರಿಯಾಗಿ ಬರುವುದಿಲ್ಲ. ವಾಲಿದ ಕಂಬಗಳ ಗುಂಡಿಯನ್ನು ಇನ್ನೂ ಆಳ ಮಾಡಿ, ಬಿರುಕು ಬಿಡುವ ಪದರದ ಕೆಳಗೆ ಕಾಂಕ್ರೀಟ್ ಕೂರಿಸಿ, ಸುತ್ತ ಗರಸು ತುಂಬಿ ದಮ್ಮಸ್ಸು ಮಾಡಿ. ಮೂಲೆ ಕಂಬಗಳಿಗೆ ಓರೆ ಆಸರೆ ಬೇಕೇ ಬೇಕು.

ಆಮೇಲೆ ಜಾಲರಿಯನ್ನು ಅಂಗೈಯಿಂದ ಒತ್ತಿ ಬಿಡಿ. ಪಟ್ಟಂತ ವಾಪಸ್ ಬರಬೇಕು. ನೇತಾಡುವ ತಂತಿ ತುದಿ, ಒಂದೇ ಮೊಳೆಯ ಮೇಲೆ ನಿಂತ 'ಅಪಾಯ' ತಗಡು, ಹಳೆಯ ಬ್ಯಾನರ್, ಎಲ್ಲವನ್ನೂ ತೆಗೆಯಿರಿ ಅಥವಾ ಬಿಗಿಯಾಗಿ ಬೋಲ್ಟ್ ಮಾಡಿ. ಬಳ್ಳಾರಿ ಜಾಲಿ ಬೇಲಿಗೆ ಒರಗಿದ್ದರೆ ಎರಡೂ ಬದಿಗೆ ಕನಿಷ್ಠ ಒಂದು ಮೀಟರ್ ಸವರಿಸಿ. ಜಾಲರಿಯ ಬುಡವನ್ನು ಕಾಂಕ್ರೀಟ್ ಪಟ್ಟಿಗೆ ಹಿಡಿಸಿ. ಬುಡ ತೆರೆದಿದ್ದರೆ ಕಳ್ಳ ಬೇಲಿ ಮುಟ್ಟದೆಯೇ ನುಸುಳಬಹುದು, ಆಗ ಸೆನ್ಸರ್‌ಗೆ ಏನೂ ತಿಳಿಯುವುದಿಲ್ಲ.

ಯಾವ ಕೇಬಲ್?

ಹೆಚ್ಚಾಗಿ ಬಳಸುವುದು ಎರಡು ಬಗೆ. ಅದುರನ್ನು ಮೈಕಿನ ಹಾಗೆ ವಿದ್ಯುತ್ ಸಂಕೇತ ಮಾಡುವ ಕೋಆಕ್ಸಿಯಲ್ ಕೇಬಲ್ ಒಂದು. ಇನ್ನೊಂದು ಫೈಬರ್. ಇದರೊಳಗೆ ಬೆಳಕು ಹರಿಯುತ್ತಿರುತ್ತದೆ, ಕೇಬಲ್ ಅದುರಿದರೆ ಆ ಬೆಳಕು ಬದಲಾಗುತ್ತದೆ. ಫೈಬರ್ ಕೇಬಲ್‌ನಲ್ಲಿ ಕರೆಂಟ್ ಇರುವುದಿಲ್ಲ, ಹಾಗಾಗಿ ಸಿಡಿಲಿನ ಕಾಟ ಬಹಳ ಕಡಿಮೆ. ಏಪ್ರಿಲ್, ಮೇ ತಿಂಗಳಲ್ಲಿ ಗುಡುಗು ಸಿಡಿಲು ಹೊಡೆಯುವ ಬಯಲಿಗೆ ನಾನು ಫೈಬರನ್ನೇ ಹೇಳುತ್ತೇನೆ. ತುಂಡಾದರೆ ಸೇರಿಸಲು ಸ್ಪ್ಲೈಸಿಂಗ್ ಮಷೀನ್ ಬೇಕು ನಿಜ. ಆದರೆ ಈಗ ಬ್ರಾಡ್‌ಬ್ಯಾಂಡ್ ಕೆಲಸದ ಹುಡುಗರ ಹತ್ತಿರ ಅದು ಇರುತ್ತದೆ ಅಲ್ವಾ? ಚಿಕ್ಕ ಕಾಂಪೌಂಡಿಗೆ ಕೋಆಕ್ಸಿಯಲ್ ಸಾಕು.

ಕಟ್ಟುವ ರೀತಿ

ಕೇಬಲ್ ಬೇಲಿಯ ಒಳಬದಿಗೇ ಇರಲಿ. ಸುಮಾರು 2.5 ಮೀಟರ್‌ವರೆಗಿನ ಬೇಲಿಗೆ ಸಾಮಾನ್ಯವಾಗಿ ನಡು ಎತ್ತರದಲ್ಲಿ ಒಂದು ಸಾಲು ಸಾಕು, ಇನ್ನೂ ಎತ್ತರ ಇದ್ದರೆ ಎರಡು. ಸುಮಾರು 30 ಸೆಂ.ಮೀ.ಗೆ ಒಂದು ಟೈ ಹಾಕಿ. ಬಿಸಿಲು ತಡೆಯುವ ಕಪ್ಪು ಟೈಗಳನ್ನೇ ತರಿಸಿ. ಅಂಗಡಿಯ ಬಿಳಿ ಟೈಗಳು ನಮ್ಮ ಬಿಸಿಲಿಗೆ ಬೇಗ ಪುಡಿಯಾಗುತ್ತವೆ. ದುಡ್ಡಿದ್ದರೆ ಸ್ಟೇನ್‌ಲೆಸ್ ಸ್ಟೀಲ್ ಟೈ ಇನ್ನೂ ಒಳ್ಳೆಯದು. ಕೇಬಲ್ ಜಾರಬಾರದು, ಹಾಗಂತ ನಜ್ಜುಗುಜ್ಜಾಗುವಷ್ಟು ಬಿಗಿಯಲೂಬಾರದು.

ದಪ್ಪ ಕಂಬಗಳು ಅದುರನ್ನು ನುಂಗುತ್ತವೆ. ಅದಕ್ಕೇ ಮೂಲೆಗಳಲ್ಲಿ, ಆಸರೆ ಕಂಬಗಳ ಹತ್ತಿರ ಕೇಬಲ್‌ನ ಒಂದು ಸುತ್ತು ಜಾಸ್ತಿ ಬಿಡಿ. ಮುಂದೆ ಜಾಯಿಂಟ್ ಹಾಕುವಾಗಲೂ ಆ ಉದ್ದ ಕೈಗೆ ಬರುತ್ತದೆ. ಎಷ್ಟು ಬಾಗಿಸಬಹುದು ಎಂಬುದನ್ನು ತಯಾರಕರ ಪುಸ್ತಕದಲ್ಲಿ ನೋಡಿ, ಅದಕ್ಕಿಂತ ಜಾಸ್ತಿ ಬಾಗಿಸಬೇಡಿ.

ಗೇಟು ಹಗಲೆಲ್ಲ ಬಡಿದಾಡುತ್ತದೆ. ಅದಕ್ಕೆ ಬೇರೆ ಜೋನ್ (ಬೇರೆಯಾಗಿ ಅಲಾರಂ ಕೊಡುವ ಭಾಗ) ಕೊಡಿ, ತೆರೆದಿರುವಾಗ ಅದೊಂದನ್ನೇ ಆಫ್ ಮಾಡಬಹುದು. ಮುಖ್ಯ ಕೇಬಲ್ ಗೇಟಿನ ಕೆಳಗೆ ಪೈಪಿನಲ್ಲಿ ದಾಟಲಿ. ಕೋಆಕ್ಸಿಯಲ್ ಆದರೆ ಆ ಪೈಪಿನಲ್ಲಿ ಪವರ್ ಕೇಬಲ್ ಎಳೆಯಬೇಡಿ. ಉಳಿದ ಬೇಲಿಯನ್ನು 50ರಿಂದ 100 ಮೀಟರ್‌ನ ಜೋನ್‌ಗಳಾಗಿ ಹಂಚಿ, ಪ್ರತಿ ಜೋನ್ ಒಂದು ಕ್ಯಾಮೆರಾದ ನೋಟದೊಳಗೆ ಬರಲಿ. ಕಿಲೋಮೀಟರ್ ಉದ್ದದ ಜೋನ್ ಮಾಡಿದರೆ ಗಾರ್ಡ್ ಕತ್ತಲಲ್ಲಿ ಎಲ್ಲಿಗೆ ಅಂತ ಓಡಬೇಕು?

ಪ್ರೊಸೆಸರ್ ಪೆಟ್ಟಿಗೆಗೆ ಒಳ್ಳೆಯ ಅರ್ಥಿಂಗ್, ಸರ್ಜ್ ಪ್ರೊಟೆಕ್ಟರ್, ಬ್ಯಾಟರಿ ಇರಲಿ. ಕೇಬಲ್ ಒಳಗೆ ಹೋಗುವ ಗ್ಲ್ಯಾಂಡ್‌ಗಳು ಪೆಟ್ಟಿಗೆಯ ತಳದಲ್ಲಿರಲಿ, ಬಿಗಿಯಾಗಿರಲಿ. ಇರುವೆ, ಹಲ್ಲಿ ಒಳಗೆ ಸೇರಿದರೆ ಬೋರ್ಡ್ ಕೆಡುತ್ತದೆ.

ಗಾಳಿಯ ದಿನವೇ ಹದ ಮಾಡಿ

ಹದ ಅಂದರೆ ಎಷ್ಟು ಅದುರಿಗೆ ಅಲಾರಂ ಕೂಗಬೇಕು ಎಂದು ಹೊಂದಿಸುವುದು. ಶಾಂತವಾದ ಬೆಳಿಗ್ಗೆ ಹದ ಮಾಡಿ ಹೋದ ಸೆನ್ಸರ್ ಆಷಾಢದ ಗಾಳಿಗೆ ರಾತ್ರಿಯಿಡೀ ಕೂಗುತ್ತದೆ. ಹಾಗೆ ದಿನಾ ಕೂಗಿದರೆ ಒಂದು ವಾರದಲ್ಲಿ ಗಾರ್ಡ್ ಎದ್ದು ಹೋಗುವುದನ್ನೇ ಬಿಡುತ್ತಾನೆ. ತಪ್ಪು ಅವನದಲ್ಲ. ಇಂಥ ವ್ಯವಸ್ಥೆಗಳು ಹಾಳಾಗುವುದು ಹೆಚ್ಚಾಗಿ ಇಲ್ಲೇ.

ಜಾಲರಿಗೆ ಒಂದು ರದ್ದಿ ತಂತಿ ಬಿಗಿದು ಕಟ್ಟಿ, ಅದನ್ನು ಕಟಿಂಗ್ ಪ್ಲೇಯರ್‌ನಿಂದ ಕತ್ತರಿಸಿ ಪರೀಕ್ಷಿಸಿ. ಬೇಲಿಗೆ ಪೆಟ್ಟಾಗುವುದಿಲ್ಲ. ಆಮೇಲೆ ಒಬ್ಬರನ್ನು ಹತ್ತಿಸಿ ನೋಡಿ. ಕತ್ತರಿಸುವುದು ಚಿಕ್ಕ, ಚುರುಕು ಅದುರು. ಹತ್ತುವುದು ಉದ್ದನೆಯ ಅದುರು. ಬಹಳಷ್ಟು ಪ್ರೊಸೆಸರ್‌ಗಳಲ್ಲಿ ಎರಡಕ್ಕೂ ಬೇರೆ ಬೇರೆ ಹದ ಇಡಬಹುದು. ಒಂದು ನಿಮಿಷದಲ್ಲಿ ಮೂರು ಸಲ ಕತ್ತರಿಸಿದ ಸದ್ದು ಬಂದರೆ ಮಾತ್ರ ಅಲಾರಂ ಎಂದು ಇಟ್ಟರೆ, ಯಾರೋ ಎಸೆದ ಒಂದು ಕಲ್ಲಿಗೆ ಅದು ಕೂಗುವುದಿಲ್ಲ. ಗಾಳಿಯ ವೇಗ ಅಳೆಯುವ ಮೀಟರ್ ಜೋಡಿಸಲು ಅವಕಾಶ ಇದ್ದರೆ ಬಿಡಬೇಡಿ.

ಮೊದಲ ಎರಡು ವಾರ ಪ್ರತಿ ಅಲಾರಂ ಅನ್ನು ಕ್ಯಾಮೆರಾದ ಜೊತೆ ಹೋಲಿಸಿ, ಕಾರಣ ಬರೆದಿಡಿ. ಒಂದೇ ಜೋನ್ ಪದೇ ಪದೇ ಕೂಗಿದರೆ ಸುಮ್ನೆ ಹದ ಇಳಿಸಬೇಡಿ. ಹೋಗಿ ನೋಡಿ. ತಗಡು ಸಡಿಲಾಗಿರಬಹುದು, ಬೇಲಿಯಾಚೆ ಕುರಿಹಿಂಡು ತಂಗಿರಬಹುದು. ಆಡುಗಳು ಮುಂಗಾಲು ಜಾಲರಿಗೆ ಊರಿ ಬಳ್ಳಿಯ ಸೊಪ್ಪು ಮೇಯುತ್ತವೆ. ಬಳ್ಳಿ ಕಿತ್ತರೆ ಆಡೂ ಬರುವುದಿಲ್ಲ.

ಆಮೇಲಿನ ನಿಗಾ

ವಾರಕ್ಕೊಮ್ಮೆ ಬೇಲಿಯುದ್ದಕ್ಕೂ ನಡೆಯಿರಿ. ತಿಂಗಳಿಗೊಮ್ಮೆ ಪ್ರತಿ ಜೋನ್‌ನಲ್ಲಿ ಮೂರು ಕಡೆ ಪರೀಕ್ಷೆ ಮಾಡಿ: ಎರಡು ಕಂಬಗಳ ನಡುವೆ, ಕಂಬದ ಪಕ್ಕ, ಮೂಲೆಯಲ್ಲಿ. ಅದೇ ದಿನ ಮೇನ್ಸ್ ಆಫ್ ಮಾಡಿ ಬ್ಯಾಟರಿ ಎಷ್ಟು ಹೊತ್ತು ತಡೆಯುತ್ತದೆ ನೋಡಿ. ಮುಂಗಾರಿಗೆ ಮುಂಚೆ ಅರ್ಥಿಂಗ್ ಅಳೆಸಿ. ಮಳೆಗಾಲ ಮುಗಿದ ಮೇಲೆ ಕಂಬಗಳನ್ನು ಮತ್ತೆ ಅಲ್ಲಾಡಿಸಿ, ಜಾಲರಿ ಬಿಗಿಸಿ, ಬಿರಿದ ಟೈ ಬದಲಿಸಿ.

ಜಾಲರಿಗೆ ತೇಪೆ ಹಾಕಿದಾಗ, ಕಂಬ ಬದಲಿಸಿದಾಗ ಆ ಜೋನ್‌ನ ವರ್ತನೆ ಬದಲಾಗುತ್ತದೆ. ವೆಲ್ಡಿಂಗ್‌ನವರು ಹೊರಡುವ ಮುಂಚೆಯೇ ರದ್ದಿ ತಂತಿ ಕತ್ತರಿಸಿ ಪರೀಕ್ಷೆ ಮಾಡಿ, ಹೊಸ ಹದವನ್ನು ತಾರೀಖಿನ ಸಮೇತ ಪುಸ್ತಕದಲ್ಲಿ ಬರೆಯಿರಿ.