ಅಮ್ಮನ ಕಾಲ್ ಲಾಗ್ ಓದುವುದು ಹೇಗೆ

ಊರಲ್ಲಿ ಅಮ್ಮ ಒಬ್ಬರೇ. ನಾವು ಬೆಂಗಳೂರಲ್ಲೋ ದುಬೈಯಲ್ಲೋ. ರಾತ್ರಿ ಫೋನ್ ಮಾಡಿ "ಹೇಗಿದ್ದೀಯಮ್ಮಾ" ಅಂದರೆ "ನನಗೇನಾಗಿದೆ, ನಿಂದು ಊಟ ಆಯ್ತಾ" ಅನ್ನುತ್ತಾರೆ. ಮಾತು ಅಲ್ಲಿಗೇ ಮುಗಿಯಿತು. ಅಮ್ಮ ಒಂಟಿಯಾಗುತ್ತಿದ್ದಾರಾ ಅಂತ ತಿಳಿಯುವುದು ಹೇಗೆ? ಅದಕ್ಕೇ ಮುಂದಿನ ಸಲ ಹಬ್ಬಕ್ಕೆ ಊರಿಗೆ ಹೋದಾಗ ಒಂದು ಸಂಜೆ ಅವರ ಜೊತೆ ಕೂತು ಈ ಕೆಲಸ ಮಾಡಿ. ಸ್ಮಾರ್ಟ್ ವಾಚು ಗೀಚು ಏನೂ ಬೇಡ, ಅವರ ಹಳೇ ಫೋನೇ ಸಾಕು.

ಮೊದಲು ಕೇಳಿ. "ಅಮ್ಮ, ಯಾರ್ಯಾರ ಹತ್ತಿರ ಮಾತಾಡಿದ್ದೀಯ ಅಂತ ಇಬ್ಬರೂ ಸೇರಿ ನೋಡೋಣ್ವಾ?" ಬೇಡ ಅಂದರೆ ಬೇಡ, ಅಷ್ಟೇ. ಅವರು ಮಲಗಿದ ಮೇಲೆ ಫೋನ್ ತೆಗೆದು ನೋಡುವುದು, ಹೇಳದೆ ಲೊಕೇಶನ್ ಆನ್ ಮಾಡಿ ಬರುವುದು, ಇವೆಲ್ಲ ನನ್ನ ಲೆಕ್ಕದಲ್ಲಿ ಕಳ್ಳತನ. ನಡುಮನೆಗೆ ಕ್ಯಾಮೆರಾ ಅಂತೂ ಬೇಡವೇ ಬೇಡ. ಹರಟೆಗೆ ಬರುತ್ತಿದ್ದ ಪಕ್ಕದ ಮನೆಯವರೂ ಬರುವುದು ಬಿಟ್ಟಾರು.

ಈಗ ಕಾಲ್ ಲಾಗ್, ಅಂದರೆ ಫೋನಲ್ಲಿರುವ ಕರೆಗಳ ಪಟ್ಟಿ, ತೆಗೆಯಿರಿ. ಹಿಂದಿನ ಎರಡು ವಾರದ್ದು ನೋಡಿದರೆ ಸಾಕು. ಬ್ಯಾಂಕು, ಲೋನು, ಗ್ಯಾಸ್ ನಂಬರುಗಳನ್ನು ಬಿಡಿ, ಮಕ್ಕಳ ನಂಬರುಗಳನ್ನೂ ಬಿಡಿ. ಉಳಿದವರ ಹೆಸರನ್ನು ಒಂದು ಚೀಟಿಯಲ್ಲಿ ಬರೆದು, ಎಷ್ಟು ನಿಮಿಷ ಮಾತಾಡಿದರು, ಬಾಣದ ಗುರುತು ಯಾವ ಕಡೆಗಿದೆ, ಅಂದರೆ ಅಮ್ಮನೇ ಮಾಡಿದ್ದಾ ಅವರಿಂದ ಬಂದದ್ದಾ, ಅದನ್ನೂ ಬರೆಯಿರಿ. ಅಮ್ಮನೇ ಮಾಡುತ್ತಿದ್ದ ಕರೆಗಳು ಕಡಿಮೆಯಾಗಿದ್ದರೆ ಗಮನ ಕೊಡಿ. ಬೇರೆಯವರ ಅಮ್ಮನ ಜೊತೆ ಹೋಲಿಸಬೇಡಿ, ಇವರದೇ ಹಿಂದಿನ ತಿಂಗಳ ಎರಡು ವಾರದ ಜೊತೆ ಹೋಲಿಸಿ. ಕೆಲವರದ್ದು ಮೊದಲಿಂದಲೂ ಮಾತು ಕಡಿಮೆ, ಅಲ್ವಾ?

ನಾನು ಎಡವಿದ್ದು ಇದಾದ ಮೇಲೆ. ದೊಡ್ಡಮ್ಮನ ಜೊತೆ ಅರ್ಧ ಗಂಟೆ ಹರಟುತ್ತಿದ್ದ ಅಮ್ಮ ಎರಡೇ ನಿಮಿಷಕ್ಕೆ ಫೋನ್ ಇಡುತ್ತಿದ್ದಳು. ಜಗಳ ಆಗಿರಬೇಕು ಅಂತ ರಾಜಿ ಮಾಡಿಸಲು ಹೊರಟೆ. ನೋಡಿದರೆ ಜಗಳವೂ ಇಲ್ಲ ಏನೂ ಇಲ್ಲ, ಅಮ್ಮನಿಗೆ ಕಿವಿ ಸರಿಯಾಗಿ ಕೇಳುತ್ತಿರಲಿಲ್ಲ, ಮೂರು ಮೂರು ಸಲ "ಏನಂದೆ" ಅನ್ನಲು ನಾಚಿಕೆ! ಏನೋ ಬದಲಾಗಿದೆ ಅಂತ ಫೋನ್ ಹೇಳುತ್ತದೆ, ಯಾಕೆ ಅಂತ ನಾವೇ ಕೇಳಬೇಕು.

ವಾಟ್ಸಾಪ್ ನೋಡಿ ಮೋಸ ಹೋಗಬೇಡಿ. ಬೆಳಗ್ಗೆ ಹತ್ತು ಗ್ರೂಪಿಗೆ ಹೂವಿನ ಚಿತ್ರ ಕಳಿಸುವುದು ಒಡನಾಟ ಅಲ್ಲ. ಆದರೆ ದಿನಾ ಆರಕ್ಕೆ ಬರುತ್ತಿದ್ದ ಗುಡ್ ಮಾರ್ನಿಂಗ್ ಒಂದು ದಿನ ಬರಲಿಲ್ಲ ಅಂದರೆ ಫೋನ್ ಮಾಡಿ. ರಾತ್ರಿ ಎರಡಕ್ಕೂ ಆನ್‌ಲೈನ್ ಇದ್ದರೆ ನಿದ್ದೆ ಬಗ್ಗೆ ವಿಚಾರಿಸಿ. ಹೆಜ್ಜೆ ಲೆಕ್ಕ ನಂಬಬೇಡಿ, ಫೋನ್ ಫ್ರಿಜ್ ಮೇಲೆ ಇರುತ್ತದೆ, ಅಮ್ಮ ದೇವಸ್ಥಾನದಲ್ಲಿ ಇರುತ್ತಾರೆ.

ಹಾಲಿನ ಡೈರಿ ಹತ್ತಿರದ ಮಾತುಕತೆ, ಭಜನೆ ಗುಂಪು, ಸೊಪ್ಪಿನವಳ ಜೊತೆ ಚೌಕಾಸಿ, ಇದ್ಯಾವುದೂ ಫೋನಿಗೆ ಗೊತ್ತಿಲ್ಲ. ಅದಕ್ಕೆ ಒಬ್ಬರಿಗೆ ಎಷ್ಟು ಜನರ ಒಡನಾಟ ಇದೆ ಅಂತ ಅಳೆಯುವ ಲಬ್ಬೆನ್ ಅಳತೆಪಟ್ಟಿ ಇದೆ, ಆರೇ ಪ್ರಶ್ನೆ. ನೆಂಟರಲ್ಲಿ ಎಷ್ಟು ಜನರನ್ನು ತಿಂಗಳಿಗೊಮ್ಮೆಯಾದರೂ ನೋಡುತ್ತೀಯ ಅಥವಾ ಮಾತಾಡುತ್ತೀಯ? ಎಷ್ಟು ಜನರ ಹತ್ತಿರ ಮನಸ್ಸಿನ ಮಾತು ಹೇಳಿಕೊಳ್ಳಬಹುದು? ಕಷ್ಟ ಬಂದರೆ ಎಷ್ಟು ಜನರನ್ನು ಕರೆಯಬಹುದು? ಇದೇ ಮೂರನ್ನು ಗೆಳತಿಯರು, ಅಕ್ಕಪಕ್ಕದವರ ಬಗ್ಗೆ ಮತ್ತೆ ಕೇಳಿ. ಯಾರೂ ಇಲ್ಲ ಅಂದರೆ 0, ಒಬ್ಬರಿಗೆ 1, ಇಬ್ಬರಿಗೆ 2, ಮೂರು-ನಾಲ್ಕು ಜನಕ್ಕೆ 3, ಐದರಿಂದ ಎಂಟಕ್ಕೆ 4, ಒಂಬತ್ತು ಅಥವಾ ಅದಕ್ಕಿಂತ ಹೆಚ್ಚಾದರೆ 5. ಒಟ್ಟು 30ಕ್ಕೆ 12ಕ್ಕಿಂತ ಕಡಿಮೆ ಬಂದರೆ ಒಂಟಿಯಾಗಿಬಿಡುವ ಅಪಾಯ ಇದೆ ಅಂತ ಲೆಕ್ಕ. ಪರೀಕ್ಷೆ ಥರ ಕೇಳಬೇಡಿ, ಹುರುಳಿಕಾಯಿ ಬಿಡಿಸುತ್ತಾ ಕೇಳಿ.

ಕಡಿಮೆ ಬಂತು ಅಂತ ನೀವೇ ದಿನಕ್ಕೆ ಮೂರು ಸಲ ಫೋನ್ ಮಾಡಿದರೆ ಜಾಸ್ತಿ ಪ್ರಯೋಜನ ಇಲ್ಲ. ಚೀಟಿಯಲ್ಲಿ ಯಾರ ಹೆಸರು ಇರಬೇಕಿತ್ತು, ಈಗ ಯಾಕಿಲ್ಲ ಅಂತ ಕೇಳಿ. ಮೊಣಕಾಲು ನೋವಿಗೆ ಭಜನೆ ಬಿಟ್ಟಿದ್ದರೆ ಆಟೋದವರ ಜೊತೆ ಮಾತಾಡಿ ವಾರಕ್ಕೊಂದು ದಿನ ಗೊತ್ತು ಮಾಡಿ. ಮನಸ್ಸೇ ಕುಗ್ಗಿದೆ ಅನ್ನಿಸಿದರೆ ಮಾನಸಿಕ ಆರೋಗ್ಯದ ಸಹಾಯವಾಣಿ ಟೆಲಿ ಮಾನಸ್ 14416 ಇದೆ, ಕನ್ನಡದಲ್ಲೇ ಮಾತಾಡಬಹುದು. ಹಿರಿಯರಿಗೆಂದೇ ಇರುವ ಸಹಾಯವಾಣಿ ಎಲ್ಡರ್‌ಲೈನ್ 14567, ಎರಡನ್ನೂ ಅವರ ಫೋನಲ್ಲಿ ಸೇವ್ ಮಾಡಿ. ಚೀಟಿಯ ಹಿಂದೆ ತಾರೀಖು ಬರೆದು ಎತ್ತಿಡಿ, ಮೂರು ತಿಂಗಳು ಬಿಟ್ಟು ಅವೇ ಆರು ಪ್ರಶ್ನೆ ಮತ್ತೆ ಕೇಳಿ.